ಬೋರನಕಣಿವೆಗೆ ಇಪ್ಪತ್ತು ಕಾಯಿ

ತಿಪಟೂರಿನಿಂದ ನಾವು ಹೊರಟದ್ದು ಬೆಳಿಗ್ಗೆ ಎಂಟೂಕಾಲರ ಖಾಸಗಿ ಬಸ್ಸಿಗೆ. ನಾವು ಅಂದರೆ ನಾನು, ನನ್ನ ಗೆಳೆಯ ನಂಜುಂಡ, ಜೊತೆಗೆ ಒಂದು ಗೋಣಿಚೀಲದ ತುಂಬ ಜುಟ್ಟಿರುವ ಇಪ್ಪತ್ತು ತೆಂಗಿನಕಾಯಿ. ಚಿಕ್ಕನಾಯಕನಹಳ್ಳಿಗೆ ಒಬ್ಬರಿಗೆ ಒಂದು ರೂಪಾಯಿ ಎಂಬತ್ತು ಪೈಸೆ, ಚೀಲಕ್ಕೆ ಬೇರೆ ನಾಲ್ಕಾಣೆ. ಟಿಕೆಟ್ ಹರಿಯುತ್ತ ಕಂಡಕ್ಟರ್ ಚೀಲ ನೋಡಿದರು.

"ಏನ್ರಪ್ಪಾ, ಆ ಕಡೆ ಕಾಯಿ ಇಲ್ಲ ಅಂತ ಇಲ್ಲಿಂದ ಹೊತ್ಕೊಂಡ್ ಹೋಯ್ತಿದೀರಾ?"

ನಂಜ ಬಾಯಿ ತೆರೆದ. ನಾನು ಅವನ ಕಾಲು ತುಳಿದು, "ಬೀಗರ ಮನೆಗೆ ಸಾರ್, ಶಾಸ್ತ್ರದ ಕಾಯಿ" ಅಂದೆ. ಕಂಡಕ್ಟರ್ ಮುಂದೆ ಹೋದ ಮೇಲೆ ನಂಜ ಕೇಳಿದ: "ಯಾವ ಬೀಗ್ರು ಕಣ್ಲಾ? ನಂಗಿನ್ನೂ ಹೆಣ್ಣೇ ಗೊತ್ತಾಗಿಲ್ಲ." ಆ ದಿನದ ಪ್ರಯಾಣ ಹೇಗಿರುತ್ತದೆ ಅನ್ನುವುದು ನನಗೆ ಅಲ್ಲೇ ಅರ್ಥವಾಗಬೇಕಿತ್ತು.

ನಮ್ಮಿಬ್ಬರ ವಿಷಯ ಮೊದಲು ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಒಬ್ಬ ಯಜಮಾನರನ್ನು ಊರವರು ‘ದೊಡ್ಡೋರು’ ಅನ್ನುತ್ತಿದ್ದರು. ಮಂಡಿಯ ಮುಂಭಾಗದಲ್ಲಿ ಕೊಬ್ಬರಿ. ಹಿಂಭಾಗದಲ್ಲಿ ಓಸಿ ಜೂಜಿನ ನಂಬರ್ ಚೀಟಿ, ಇಸ್ಪೀಟು, ಬಂದರಿನಿಂದ ಕದ್ದು ಬರುವ ಫಾರಿನ್ ಸಾಮಾನು. ನನ್ನ ಅಕ್ಷರ ದುಂಡಗಿದೆ ಅಂತ ಓಸಿ ಚೀಟಿ ಬರೆಯಲು ನನ್ನನ್ನು ಇಟ್ಟುಕೊಂಡರು. ನಂಜ ಹೊನ್ನವಳ್ಳಿ ಕಡೆಯ ತೋಟದವರ ಮಗ. ಆರಡಿ ಆಳು, ಎರಡು ಮೂಟೆ ಒಟ್ಟಿಗೆ ಹೊರುತ್ತಾನೆ. ಅವನನ್ನು ಬಾಗಿಲಲ್ಲಿ ನಿಲ್ಲಿಸಿದರು. ಯಾರಾದರೂ ಬಂದು "ಒಳಗೆ ಏನು ನಡೀತದೆ?" ಅಂದರೆ ಹೆದರಿಸಿ ಕಳಿಸಬೇಕಾದದ್ದು ಅವನ ಕೆಲಸ. ಅವನು "ಇಸ್ಪೀಟ್ ಆಡ್ತಾವ್ರೆ" ಅಂತ ಹೇಳಿ ಕಳಿಸುತ್ತಿದ್ದ. ಸುಳ್ಳು ಹೇಳಲು ಹೋದರೆ ಅವನಿಗೆ ಬಿಕ್ಕಳಿಕೆ ಬರುತ್ತದೆ. ಇದು ತಮಾಷೆಯಲ್ಲ, ನಾನೇ ಕಂಡಿದ್ದೇನೆ.

ತುರುವೇಕೆರೆಯಲ್ಲಿ ನಂಜನಿಗೆ ಒಂದು ಹೆಣ್ಣು ನೋಡಿದ್ದರು. ಹೆಣ್ಣಿನ ತಂದೆಗೆ ಹುಡುಗ ಇಷ್ಟ, ತೋಟ ಇಷ್ಟ, ದೊಡ್ಡೋರ ಸಹವಾಸ ಮಾತ್ರ ಇಷ್ಟವಿಲ್ಲ. ಶುಕ್ರವಾರದೊಳಗೆ ಅದು ಬಿಟ್ಟರೆ ತಾಂಬೂಲ, ಇಲ್ಲದಿದ್ದರೆ ಇಲ್ಲ ಅಂದುಬಿಟ್ಟರು. ನನಗೂ ಆ ಹಿಂದಿನ ಕೋಣೆ ಸಾಕಾಗಿತ್ತು. ಇಬ್ಬರೂ ಹೋಗಿ ಕೇಳಿದೆವು. ದೊಡ್ಡೋರು ಎಲೆಅಡಿಕೆ ಅಗಿಯುತ್ತ, "ಒಂದೇ ಒಂದು ಕೆಲಸ. ಬುಧವಾರ ಹೊತ್ತು ಮುಳುಗೋದ್ರೊಳಗೆ ಬೋರನಕಣಿವೆ ಕೆರೆ ಏರಿ ಮೇಲೆ ನಮ್ಮ ಭಾವನ ಕೈಗೆ ಈ ಕಾಯಿ ಮುಟ್ಟಿಸಿ. ನಿಮ್ಮ ದಾರಿ ನಿಮ್ದು. ಮುಟ್ಟಲಿಲ್ಲ ಅಂದ್ರೆ ಸಾಯೋ ತನಕ ನನ್ನ ಬಾಗಿಲೇ ನಿಮಗೆ ಗತಿ" ಅಂದರು.

ನಂಜನನ್ನು ಆಚೆ ಕಳಿಸಿ, ಉಳಿದದ್ದನ್ನು ನನಗೊಬ್ಬನಿಗೇ ಹೇಳಿದರು. ಹತ್ತೊಂಬತ್ತು ಕಾಯಿ ನಿಜವಾದ ಕಾಯಿ. ಇಪ್ಪತ್ತನೆಯದನ್ನು ನಡುವೆ ಕೊಯ್ದು, ಹತ್ತಿಯಲ್ಲಿ ಸುತ್ತಿದ ಆರು ಫಾರಿನ್ ವಾಚು ತುರುಕಿ, ಅರಗು ಹಾಕಿ ಕೂಡಿಸಿ, ಮೇಲೆ ನಾರು ಅಂಟಿಸಿದ್ದಾರೆ. ಗುರುತಿಗೆ ಜುಟ್ಟಿನೊಳಗೆ ಹಸಿರು ನೂಲು. "ಅವನಿಗೆ ಹೇಳ್ಬೇಡ. ಹೇಳಿದ್ರೆ ಕಂಡಕ್ಟರ್‌ಗೆ ಹೇಳ್ತಾನೆ." ಇದು ಬಹಳ ಜಾಣತನದ ಮಾತು ಅಂತ ನಾನೂ ತಲೆ ಆಡಿಸಿದೆ.

ದಾರಿಯುದ್ದಕ್ಕೂ ಎರಡೂ ಕಡೆ ತೋಟ. ಬಿಸಿಲು ಏರುತ್ತಿದ್ದಂತೆ ಬಸ್ಸಿನಲ್ಲಿ ಸೀಮೆಎಣ್ಣೆ, ಹೂವು, ಕುರಿ ಮೂರರ ವಾಸನೆಯೂ ಕೂಡಿಕೊಂಡಿತು. ಚಿಕ್ಕನಾಯಕನಹಳ್ಳಿ ಸಮೀಪಿಸಿದಾಗ ತೋಟ ತೆಳ್ಳಗಾಗಿ ಒಣಗುಡ್ಡಗಳು ಕಂಡವು. ಹತ್ತಕ್ಕೆ ಇಳಿದೆವು. ಅಲ್ಲಿಂದ ಮುಂದಕ್ಕೆ ಹುಳಿಯಾರಿನ ಬಸ್ಸು ಹನ್ನೊಂದೂವರೆಗೆ. ಹಿಂದಿನ ರಾತ್ರಿ ಗಾಬರಿಯಲ್ಲಿ ನನಗೆ ನಿದ್ದೆ ಬಂದಿರಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚೀಲಕ್ಕೆ ಕೈ ಸುತ್ತಿಕೊಂಡು, "ನಾನು ಕಾಯ್ತೀನಿ, ನೀನು ಸುಮ್ನೆ ಕೂತಿರು" ಅಂದವನು ಅಲ್ಲೇ ನಿದ್ದೆ ಹೋದೆ. ನಂಜ ಎಬ್ಬಿಸಿದಾಗ ಬಸ್ಸು ಬಂದಿತ್ತು. ಅವನ ಕೈಯಲ್ಲಿ ಕಾಗದದ ತುಂಬ ಬಿಸಿ ಬೋಂಡ.

ಬಸ್ಸು ಏಳೆಂಟು ಮೈಲಿ ಹೋಗಿರಬೇಕು. ಮೂರನೇ ಬೋಂಡ ತಿನ್ನುವಾಗ, ಇದಕ್ಕೆ ಯಾರು ದುಡ್ಡು ಕೊಟ್ಟರು ಅಂತ ಕೇಳಿದೆ.

"ದುಡ್ಡು ಎಲ್ಲಿ? ಹೋಟ್ಲು ಗೌರಕ್ಕ ಸುಮ್ನೆ ಕೊಟ್ಲು. ಒಂದು ಕೆಟ್ಟ ಕಾಯಿ ಇತ್ತು ಕಣ್ಲಾ ಚೀಲದಲ್ಲಿ. ಒಲೆಗೆ ಹಾಕ್ಕೋ ಅಕ್ಕ ಅಂತ ಕೊಟ್ಟೆ."

ಕಚ್ಚಿದ ಬೋಂಡ ಕಾಗದಕ್ಕೆ ವಾಪಸು ಇಟ್ಟೆ. "ಕೆಟ್ಟ ಕಾಯಿ ಅಂತ ನಿಂಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಕಾಯೇ ಹೇಳಲಿಲ್ಲ. ನೀನು ಮಲ್ಗಿದ್ದೆ, ಬೇಜಾರಾಗಿತ್ತು, ಒಂದೊಂದೇ ಅಲ್ಲಾಡಿಸಿ ನೋಡ್ದೆ. ಹತ್ತೊಂಬತ್ತೂ ಒಳಗೆ ಲೊಟಲೊಟ ಅಂತವೆ, ಚಿನ್ನದಂಥ ಕೊಬ್ಬರಿ. ಒಂದು ಮಾತ್ರ ಉಸಿರೇ ಬಿಡಲ್ಲ. ಯಜಮಾನ್ರ ಭಾವಂಗೆ ಅಂಥದ್ದು ಕೊಟ್ರೆ ಮಾನ ಹೋಗಲ್ವಾ?"

ಇವನ ಮೇಲೆ ಏನಂತ ಕೂಗಾಡುವುದು? ನಮ್ಮ ಸೀಮೆಯಲ್ಲಿ ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸುವವರು ಯಾರೇ ಆಗಲಿ, ಕಾಯಿ ಕೈಗೆ ಸಿಕ್ಕಿದರೆ ಕಿವಿಯ ಹತ್ತಿರ ಒಯ್ಯುತ್ತಾರೆ. ನೀರು ಅಲುಗಿದರೆ ಇನ್ನೂ ಹಸಿ, ಕೊಬ್ಬರಿ ಕರಟ ಬಿಟ್ಟುಕೊಂಡು ಬಡಿದರೆ ಪಕ್ವ, ಏನೂ ಕೇಳದಿದ್ದರೆ ಒಲೆಗೆ. ನಮ್ಮ ಅಜ್ಜಿ ಕಣ್ಣು ಹೋದ ಮೇಲೂ ಹಾಗೆ ವಿಂಗಡಿಸುತ್ತಿದ್ದಳು. ಕೊಬ್ಬರಿ ಮಂಡಿಯ ಯಜಮಾನರೇ ಹತ್ತಿ ತುರುಕಿ ಕಾಯಿಯ ಬಾಯಿ ಕಟ್ಟಿದ್ದರು. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆದರೂ ನಾನು ಕೂಗಾಡಿದೆ. ವಾಚಿನ ವಿಷಯ ಹೇಳಿಬಿಟ್ಟೆ.

ನಂಜನ ಮುಖ ಸಪ್ಪಗಾಯಿತು. "ಮೊದ್ಲೇ ಹೇಳಿದ್ರೆ ನಾನ್ಯಾಕ್ಲಾ ಮುಟ್ತಿದ್ದೆ? ಈಗ ಶುಕ್ರವಾರ ಹೆಣ್ಣಿನೋರು ಬಂದ್ರೆ ಏನಂತ ಹೇಳ್ಲಿ?"

ಬಸ್ಸು ನಿಲ್ಲಿಸಿ ಇಳಿದೆವು. ಸುತ್ತ ಒಂದು ಜಾಲಿಮರ ಬಿಟ್ಟರೆ ನೆರಳಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಸಂತೆಗೆ ಕುರಿ ತುಂಬಿಕೊಂಡ ಲಾರಿಯೊಂದು ನಿಂತಿತು. ಹಿಂದೆ ಕುರಿಗಳ ನಡುವೆ ನಿಂತು ಚಿಕ್ಕನಾಯಕನಹಳ್ಳಿಗೆ ವಾಪಸು. ಒಂದು ಟಗರು ನನ್ನ ಅಂಗಿಯ ಜೇಬು ಅಗಿಯಿತು. ನಂಜ ಕುರಿಯವರ ಜೊತೆ ಮಳೆ ಬೆಳೆ ಮಾತಾಡುತ್ತ, ನಾವು ಎಲ್ಲಿಗೆ, ಯಾಕೆ ಹೊರಟಿದ್ದೇವೆ ಅಂತ ಹೇಳಲು ಶುರುಮಾಡಿದ. ನಾನು ಮತ್ತೆ ಕಾಲು ತುಳಿದೆ. ಈ ಸಲ ತುಳಿದದ್ದು ಕುರಿಯದ್ದು.

ಗೌರಕ್ಕನ ಹೋಟೆಲ್ ನಿಲ್ದಾಣದ ಹಿಂದೆ ಒಂದು ತಗಡಿನ ಚಪ್ಪರ. ಒಲೆ ಉರಿಯುತ್ತಿತ್ತು. ನಮ್ಮ ಕಾಯಿ ಒಲೆಯ ಪಕ್ಕದಲ್ಲಿ, ಮಟ್ಟೆಗಳ ಸಾಲಿನ ಕೊನೆಯಲ್ಲಿ ಕೂತಿತ್ತು. ಮುಂದಿನ ಸರದಿ ಅದರದ್ದೇ. ಎದುರಿನ ಬೆಂಚಿನ ಮೇಲೆ ಟೋಪಿ ತೆಗೆದಿಟ್ಟು ಒಬ್ಬ ಪೊಲೀಸು ಟೀ ಕುಡಿಯುತ್ತಿದ್ದ.

"ಅಕ್ಕ, ಆ ಕಾಯಿ ವಾಪಸ್ ಬೇಕಾಗಿತ್ತು" ಅಂದೆ.

"ಅಯ್ಯೋ, ಬೋಂಡ ತಿಂದು ಅರಗಿಸ್ಕೊಂಡು ಈಗ ಕಾಯಿ ಕೇಳಕ್ಕೆ ಬಂದ್ರಾ? ಸತ್ತಿರೋ ಕಾಯಿ ಯಾತಕ್ಕೆ ನಿಮಗೆ?"

ದೇವರ ಹರಕೆ ಕಾಯಿ ಅಂತ ಹೇಳಬೇಕು ಅಂದುಕೊಂಡಿದ್ದೆ. ಬಾಯಿ ತೆರೆಯುವುದರೊಳಗೆ ನಂಜ ಮುಂದೆ ಬಂದು ಹೇಳಿಬಿಟ್ಟ: "ಅದರೊಳಗೆ ಫಾರಿನ್ ವಾಚವೆ ಕಣಕ್ಕ. ಆರು. ಕಳ್ಳಮಾಲು."

ಗೌರಕ್ಕ ಸೌಟು ಹಿಡಿದುಕೊಂಡೇ ನಂಜನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. "ಕೇಳಿದ್ರಾ ಪೊಲೀಸಪ್ಪ, ಕಾಯಲ್ಲಿ ವಾಚು ಕಾಯ್ಬುಟ್ಟದಂತೆ!"

ಪೊಲೀಸು ಎದ್ದು ಬಂದು ಕಾಯಿ ಎತ್ತಿಕೊಂಡ. ಒಲೆಯ ಕಾವಿಗೆ ಅರಗು ಮೆತ್ತಗಾಗಿ, ನಾರಿನ ಕೆಳಗೆ ಕೆಂಪಗೆ ಒಂದು ಗೆರೆ ನನಗೆ ಕಾಣುತ್ತಿತ್ತು. ಅವನು ಅದನ್ನು ನೋಡಲೇ ಇಲ್ಲ. ಕಿವಿಯ ಹತ್ತಿರ ಒಯ್ದು ಕಣ್ಣು ಮುಚ್ಚಿ ಎರಡು ಸಲ ಅಲ್ಲಾಡಿಸಿದ.

"ವಾಚಿದ್ರೆ ಟಿಕ್ ಟಿಕ್ ಅನ್ಬೇಕಲ್ಲಯ್ಯ? ನಂದೂ ಕಿಬ್ಬನಹಳ್ಳಿ ಕಡೆ ತೋಟ ಐತೆ, ನಂಗೇ ಕಾಯಿ ಕಥೆ ಹೇಳ್ತೀಯಾ? ಕೆಟ್ಟೋಗದೆ, ತಗಂಡೋಗು ಅತ್ಲಾಗೆ." ಕಾಯಿ ನಂಜನ ಕಡೆಗೆ ಎಸೆದ. ನಂಜ ಹಿಡಿದುಕೊಂಡ. ಇನ್ನೂ ಏನೋ ಹೇಳಲು ನಿಂತಿದ್ದವನನ್ನು ನಾನು ಅಂಗಿ ಹಿಡಿದು ಎಳೆದುಕೊಂಡು ಬಂದೆ.

ಎರಡು ಗಂಟೆಯ ಬಸ್ಸು ಸಿಕ್ಕಿತು. ಹುಳಿಯಾರಿನಲ್ಲಿ ಊಟಕ್ಕೆ ಹೊತ್ತಿಲ್ಲ. ಬೋರನಕಣಿವೆ ಅಲ್ಲಿಂದ ಐದಾರು ಮೈಲಿ. ಅರ್ಧ ದಾರಿ ಗೊಬ್ಬರದ ಟ್ರ್ಯಾಕ್ಟರಿನಲ್ಲಿ, ಉಳಿದರ್ಧ ನಡಿಗೆ. ಚೀಲ ಹೊತ್ತವನು ನಂಜ, ಬೈಯುತ್ತ ನಡೆದವನು ನಾನು. "ಅಲ್ಲಿ ಬಾಯಿ ಬಿಡ್ಬೇಡ. ನಾನು ನಿದ್ದೆ ಹೋಗಿದ್ದು, ನೀನು ಕಾಯಿ ಕೊಟ್ಟಿದ್ದು, ಪೊಲೀಸು, ಒಂದೂ ಹೇಳ್ಬೇಡ" ಅಂತ ಹತ್ತು ಸಲ ಹೇಳಿದೆ. ಅವನು "ಆಯ್ತು" ಅಂದ. ಅನ್ನುವಾಗಲೇ ಬಿಕ್ಕಳಿಸಿದ.

ಗುಡ್ಡಗಳ ನಡುವೆ ಅಷ್ಟು ನೀರು ನಿಂತಿರುವುದನ್ನು ನಾನು ಮೊದಲ ಸಲ ನೋಡಿದ್ದು. ಇನ್ನೊಂದು ದಿನವಾದರೆ ಒಂದು ಗಂಟೆ ನೋಡುತ್ತಿದ್ದೆ. ಹೊತ್ತು ಗುಡ್ಡಕ್ಕೆ ತಾಗಿತ್ತು. ಏರಿಯ ಮೇಲೆ ಬಿಳೀ ಪಂಚೆ ಉಟ್ಟು ಸಣ್ಣಗೆ ಒಣಗಿದ ಒಬ್ಬ ಹಿರಿಯರು ಕಾರಿಗೆ ಒರಗಿ ನಿಂತಿದ್ದರು. ದೊಡ್ಡೋರ ಭಾವ. ದೊಡ್ಡೋರು ತಮ್ಮ ಮಾತು ಬದಲಾಯಿಸುವುದು ಇವರೊಬ್ಬರು ಹೇಳಿದರೆ ಮಾತ್ರ ಅಂತ ಮಂಡಿಯಲ್ಲಿ ಎಲ್ಲರಿಗೂ ಗೊತ್ತು.

ಹಸಿರು ನೂಲಿನ ಕಾಯಿ ಕೊಟ್ಟೆ. ಬಿರುಕಿಗೆ ಚಾಕು ತುರುಕಿ ತೆರೆದರು. ಆರೂ ವಾಚು ಇದ್ದವು. "ಇಷ್ಟು ಹೊತ್ತಾಯ್ತು ಯಾಕೆ?" ಅಂದರು.

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಕೊಚ್ಚಿಕೊಂಡೆ. ಚಿಕ್ಕನಾಯಕನಹಳ್ಳಿಯಲ್ಲಿ ಪೊಲೀಸು ಅನುಮಾನಪಟ್ಟ, ಕಾಯಿಯನ್ನು ಅವನ ಕೈಗೇ ಕೊಟ್ಟು, ಅವನಿಂದಲೇ ಕೆಟ್ಟದ್ದು ಅನ್ನಿಸಿ, ವಾಪಸು ತಂದೆವು ಅಂತ ಕೈ ಆಡಿಸಿಕೊಂಡು ಹೇಳಿದೆ. ಹಿರಿಯರ ಕಣ್ಣು ಹೊಳೆಯಿತು.

"ಪೊಲೀಸಿನ ಕೈಗೇ ಕೊಟ್ಟು ತಂದ್ರಾ? ಭಲೇ! ನನ್ನ ಭಾವಮೈದಂಗೆ ಬುದ್ಧಿ ಇಲ್ಲ ಕಣಪ್ಪ, ಇಂಥೋರನ್ನ ಬಿಡ್ತೀನಿ ಅಂದವ್ನೆ. ನಾನು ಹೇಳ್ತೀನಿ ಅವನಿಗೆ. ಬರೋ ವಾರದಿಂದ ಇಬ್ರೂ ನನ್ನ ಕೆಲಸಕ್ಕೆ. ಎಲ್ಲೂ ಹೋಗಂಗಿಲ್ಲ."

ನನ್ನ ನಾಲಿಗೆಯನ್ನು ನಾನೇ ಕಿತ್ತುಕೊಳ್ಳಬೇಕು ಅನ್ನಿಸಿತು. ನಂಜನ ಕಡೆ ನೋಡಿದೆ. ಅವನು ಚೀಲ ಕೆಳಗಿಟ್ಟ.

"ಇವ್ನು ಹೇಳಿದ್ದು ಹಂಗಲ್ಲ ಕಣಣ್ಣ. ಇವ್ನು ಬೆಂಚಿನ ಮೇಲೆ ನಿದ್ದೆ ಹೊಡೀತಿದ್ದ. ಕಾಯಿ ಕೆಟ್ಟದೆ ಅಂತ ನಾನು ಒಲೆಗೆ ಕೊಟ್ಟುಬುಟ್ಟೆ."

"ಏನು?"

"ಆಮೇಲೆ ವಾಪಸ್ ಕೇಳಕ್ಕೋದಾಗ ಅವರು ಯಾಕೆ ಅಂದ್ರು. ವಾಚವೆ, ಕಳ್ಳಮಾಲು ಅಂದೆ."

"ಯಾರಿಗೆ?"

"ಹೋಟ್ಲಕ್ಕಂಗೆ. ಪೊಲೀಸ್ನೋರೂ ಅಲ್ಲೇ ಇದ್ರು."

ಹಿರಿಯರು ಚಾಕು ಮಡಿಸಿದರು. "ನಾಳೆ ಇನ್ನೊಬ್ರು ಕೇಳಿದ್ರೆ?" ಅಂದರು ಮೆಲ್ಲಗೆ.

"ಕೇಳಿದ್ರೆ ಹೇಳ್ಬೇಕಲ್ಲಣ್ಣ."

ಬಿಕ್ಕಳಿಕೆ ಬರಲಿಲ್ಲ.

ಹಿರಿಯರು ನನ್ನ ಕಡೆ ತಿರುಗಿದರು. "ಇವನು ಹಿಂಗೆ, ನೀನು ಕಾವಲು ಕೂತು ನಿದ್ದೆ ಹೋಗೋನು. ನಡೀರಿ. ನಮ್ಮೋರ ಮಂಡಿ ಬಾಗಿಲಲ್ಲಿ ನಿಮ್ಮಿಬ್ಬರ ನೆರಳು ಬಿದ್ರೂ ಕಾಲು ಮುರಿಸ್ತೀನಿ. ಅವನಿಗೂ ಹೇಳಿ ಕಳಿಸ್ತೀನಿ. ನಡೀರಿ!"

ಏರಿಯ ಮೇಲೆ ಸರಸರನೆ ನಡೆದೆವು. ನಂಜ ತಲೆ ತಗ್ಗಿಸಿಕೊಂಡೇ ಕೇಳಿದ: "ಸಿಟ್ಟು ಬಂತೇನ್ಲಾ? ತಡ್ಕಳಕ್ಕಾಗಲಿಲ್ಲ ಕಣೋ." ನಮಗೆ ಬಿಡುಗಡೆಯಾಯಿತು ಅಂತ ಅವನಿಗಿನ್ನೂ ತಿಳಿದಿರಲಿಲ್ಲ. ಶುಕ್ರವಾರ ತುರುವೇಕೆರೆಯವರಿಗೆ ಏನು ಹೇಳಬಹುದು ಅಂತ ನಾನು ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ರಸ್ತೆಯ ಮಧ್ಯೆ ನಿಂತುಬಿಟ್ಟ. ಅವನನ್ನು ತಳ್ಳಿಕೊಂಡು ಹೋಗಿ ಹುಳಿಯಾರಿನ ಕಡೆಗೆ ಹೊರಟಿದ್ದ ಎತ್ತಿನಗಾಡಿ ಹತ್ತಿಸಿದೆ.

ಗಾಡಿ ತಿರುಗುವಾಗ ಒಮ್ಮೆ ಹಿಂದೆ ನೋಡಿದೆ. ನೀರು ಕೆಂಪಗಾಗಿತ್ತು. ವಾಚುಗಳು ಕಾರಿನ ಬಾನೆಟ್ಟಿನ ಮೇಲೆ ಹಾಗೇ ಬಿದ್ದಿದ್ದವು. ಹಿರಿಯರು ನಮ್ಮ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು.