ಜವಳಗೇರಾದ ಬಾತುಗಳು ಮೊಟ್ಟೆ ಇಟ್ಟ ಜಾಗ

ಏಪ್ರಿಲ್, ಎರಡನೇ ಶನಿವಾರ. ಮಧ್ಯಾಹ್ನ ಲಿಂಗಸುಗೂರು ಬಿಟ್ಟೆ. ಬೇಸಿಗೆ ಏರಿದೊಡನೆ ನಮ್ಮ ಹಿತ್ತಲಿನ ನಾಲ್ಕು ಬಾತುಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದವು. ಊರೂರು ಅಲೆಯುವ ನಾಟಿ ಬಾತುಗಳು ಕಡುಬೇಸಿಗೆಯಲ್ಲೂ ಇಡುತ್ತವೆ, ಅಂಥದೊಂದು ಹಿಂಡು ಜವಳಗೇರಾದ ಬಳಿ ಬಿಡಾರ ಹೂಡಿದೆ ಎಂದು ಸಿಂಧನೂರಿನ ಅಕ್ಕ ಹೇಳಿದ್ದಳು. ಅದನ್ನು ನೋಡಲು ಹೊರಟಿದ್ದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ತಿಂದೆ. ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ರಾತ್ರಿ ಅಕ್ಕನ ಮನೆಯಲ್ಲಿ ಉಳಿದೆ.

ಭಾನುವಾರ. ಮೊದಲ ಬಸ್ಸಿಗೆ ಜವಳಗೇರಾದಲ್ಲಿ ಇಳಿದು, ನೀರಿಲ್ಲದೆ ಒಣಗಿದ ಕಾಲುವೆಯ ಏರಿಯ ಮೇಲೆ ನಡೆದೆ. ದೂರದಿಂದಲೇ ಬಾತುಗಳ ಗದ್ದಲ ಕೇಳುತ್ತದೆ ಅಂದುಕೊಂಡಿದ್ದೆ. ಏನೂ ಕೇಳಲಿಲ್ಲ. ಹೊಂಡದ ಪಕ್ಕ, ಬಲೆಯ ಆವರಣದೊಳಗೆ ಇನ್ನೂರರಷ್ಟು ಬಾತುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು.

ಹಿಂಡಿನ ಒಡತಿ ಗಂಗಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. ಬೆಳಗ್ಗೆ ಬಾತುಗಳನ್ನು ಹೊರಗೆ ಬಿಡುವವರೆಗೆ ಇವರ ಬಿಡಾರದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಬೆದರಿದರೆ ಮೊಟ್ಟೆ ಒಳಗೇ ತಡೆಯುತ್ತವಂತೆ.

"ಕೆಳಗಿನ ಗದ್ದ್ಯಾಗ ನೀರು ಬತ್ತಿತ್ತು, ತಂಗಿ. ಮೊನ್ನೆ ಇಲ್ಲಿಗೆ ಹೊಡಕೊಂಡು ಬಂದ್ವಿ. ಅವತ್ತಿನಿಂದ ಒಂದ ತತ್ತಿ ಇಲ್ಲ," ಎಂದು ಪಿಸುಗುಟ್ಟಿದಳು.

"ಮುಗೀತು ಅವುಗಳ ಕಾಲ," ಎಂದ ಗಂಡ ನರಸಪ್ಪ. "ಮಾಂಸದ ಗಾಡಿ ಬರಾಕತ್ತೈತಿ. ನೀ ಬಾಯಿ ಮುಚ್ಚಿಕೊಂಡು ಕುಂತ್ರ ತತ್ತಿ ಬೀಳ್ತಾವೇನು?"

"ನೀ ಮುಚ್ಚಿಕೊಂಡ್ರ ಬೀಳ್ತಿದ್ವು. ಇವನ್ನ ಕೊಟ್ಟು ನಾಳೆ ಯಾರ ಹೊಲಕ್ಕ ಕೂಲಿಗೆ ಹೋಗ್ತಿ?"

ಗಾಡಿ ಬಂತು. ಬಾತುಗಳನ್ನು ಅದರತ್ತ ಹೊಡೆಯಲು ನರಸಪ್ಪ ಬಲೆ ಸರಿಸಿದ. ಅವು ಗಾಡಿಯ ಕಡೆ ಹೋಗಲಿಲ್ಲ, ನೀರಿನ ಕಡೆಯೂ ಹೋಗಲಿಲ್ಲ. ಒಂದರ ಹಿಂದೊಂದು ಒಣ ಕಾಲುವೆಗೆ ಇಳಿದವು. ಅವನು ಗಳ ಹಿಡಿದು ಅಡ್ಡ ನಿಂತ. ಅವನ ಎರಡೂ ಪಕ್ಕದಿಂದ ಹಾಯ್ದು ಮತ್ತೆ ಒಂದೇ ಸಾಲಾದವು. ಒಣಗಿದ ಕೆಸರಿನ ಮೇಲೆ ಪಾದಗಳ ಪಟಪಟ ಮಾತ್ರ.

ನಾವು ಏರಿಯ ಮೇಲೆ ಹಿಂಬಾಲಿಸಿದೆವು. ಅವು ಮೊನ್ನೆ ಬಿಟ್ಟುಬಂದ ಹಳೆಯ ಬಿಡಾರದ ಗದ್ದೆಗೆ ಹೋಗಿ ಕೂತವು. ಅಲ್ಲಿ ಬಿರಿದ ಎರೆಮಣ್ಣು, ಬಲೆಯ ಗೂಟ ಕಿತ್ತ ಕುಳಿಗಳು, ಹೊಲಸಾದ ಭತ್ತದ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಆದರೂ ಮೊದಲು ಬಲೆ ಇದ್ದ ಗೆರೆಯನ್ನು ಒಂದು ಬಾತೂ ದಾಟಲಿಲ್ಲ. ಇಲ್ಲದ ಬಲೆಯೊಳಗೆ ದುಂಡಗೆ, ಒತ್ತೊತ್ತಾಗಿ, ಕಣ್ಣು ತೆರೆದೇ ಕೂತಿದ್ದವು. ಒಂದು ನಾಯಿ ಗೆರೆಯವರೆಗೆ ಬಂದು ಹಿಂದೆ ಸರಿಯಿತು.

"ಇವಕ್ಕ ಗಾಳಿಗೀಳಿ ಬಡದೈತೇನ್ರೀ?" ಎಂದ ಗಾಡಿಯವನು.

ಬಿಸಿಲು ಬಲಿತ ಮೇಲೆ ಒಂದು ಬಾತು ಎದ್ದಿತು. ಅದರ ಕೆಳಗೆ ಬಿಳಿ ಮೊಟ್ಟೆ. ಆಮೇಲೆ ಇನ್ನೊಂದು, ಮತ್ತೊಂದು.

ಗಂಗಮ್ಮ ಹುಲ್ಲಿನ ಕಡೆ ನೋಡಿ ಗಂಡನತ್ತ ತಿರುಗಿದಳು. ಬಿಡಾರ ಎತ್ತುವಾಗ, ಬಾತುಗಳಿಗೆ ಜಾಗ ಹೊಸದೆನಿಸದಿರಲೆಂದು, ಹಳೆಯ ಹುಲ್ಲನ್ನೂ ಹೊತ್ತೊಯ್ದು ಹೊಸ ಬಲೆಯೊಳಗೆ ಹಾಸುವುದು ಇವರ ರೂಢಿ.

"ಅಲ್ಲಿ ಹೊಸಾ ಹುಲ್ಲು ಬೇಕಾದಷ್ಟಿತ್ತು," ಎಂದ ನರಸಪ್ಪ. "ಈ ಹೊಲಸು ಯಾಕ ಹೊರೋದಂತ ಬಿಟ್ಟೆ."

"ಈಗ ಹೊರು."

ಗಾಡಿ ಖಾಲಿ ಹೋಯಿತು. ಇಟ್ಟ ಮೊಟ್ಟೆಯ ಕಡೆ ತಿರುಗಿಯೂ ನೋಡದೆ ಬಾತುಗಳು ಮೇಲೆದ್ದವು.

ಮಧ್ಯಾಹ್ನ ಸಿಂಧನೂರಿನ ಬಸ್ಸು ಹತ್ತುವಾಗ ಏರಿಯ ಮೇಲೆ ನರಸಪ್ಪ ಕಂಡ. ತಲೆಯ ಮೇಲೆ ಹುಲ್ಲಿನ ಹೊರೆ, ಹಿಂದೆ ಇಡೀ ಹಿಂಡು. ಅವನು ಎರಡು ಸಲ ನಿಂತು ಹಿಂತಿರುಗಿ ನೋಡಿದ. ಎರಡು ಸಲವೂ ಹಿಂಡು ಒಟ್ಟಿಗೇ ನಿಂತಿತು. ಆಮೇಲೆ ಅವನು ತಿರುಗಲಿಲ್ಲ. ಹೆಜ್ಜೆ ಮಾತ್ರ ಬಿರುಸಾಯಿತು.