ಮುಚ್ಚಳದ ಮೇಲಿನ ಕಟ್ಟು

ಗದಗಿನಲ್ಲಿ ಚೌಕಾಸಿ ಮಾಡಿ ಒಂದೇ ಬಗೆಯ ಎರಡು ಹಳೆಯ ಲ್ಯಾಪ್‌ಟಾಪ್ ಕೊಂಡೆ. ಒಂದು ನನ್ನ ಅಂಗಡಿಗೆ, ಇನ್ನೊಂದು ಮುಂಡರಗಿಯಲ್ಲಿ ಪ್ರೆಸ್ ನಡೆಸುವ ಗೆಳೆಯನಿಗೆ. ಎರಡರ ಪರದೆಯೂ ಮಂಕು, ಬಣ್ಣವೇ ತಿಳಿಯದು. ಕೇಳದಿದ್ದರೂ ಸಲಹೆ ಕೊಡುವವನು ನಾನು. "ಲೇ, ಬ್ಯಾರೆ ಮಾನಿಟರ್ ಹಚ್ಚು, ಇದನ್ನ ಮುಚ್ಚಿಡು," ಎಂದು ಅವನಿಗೆ ಹೇಳಿ, ನಾನೂ ಹಾಗೇ ಮಾಡಿದೆ.

ಆರು ತಿಂಗಳಿಗೆ ನನ್ನದು ಕೆಟ್ಟಿತು. ರಿಪೇರಿಯವನು ಬಿಚ್ಚಿ ತೋರಿಸಿದ: ಬಿಸಿಗಾಳಿ ಹೊರಡುವ ಕಿಂಡಿ ಪರದೆಯ ಬುಡದಲ್ಲೇ ಇತ್ತು. ಮುಚ್ಚಿಟ್ಟಿದ್ದರಿಂದ ಶಾಖ ಒಳಗೇ ನಿಂತು ಬ್ಯಾಟರಿ ಉಬ್ಬಿತ್ತು. "ಒಡದ್ರ ಬೆಂಕಿನ ರೀ," ಎಂದ.

ಕೂಡಲೇ ಗೆಳೆಯನಿಗೆ ಫೋನ್ ಮಾಡಿದೆ.

"ಮಾನಿಟರ್ ಭಾರಿ ಐತಲೇ. ನಿನ್ನ ಮಾತು ಒಮ್ಮೆರ ಖರೆ ಆತು!" ಎಂದು ನಕ್ಕ.

"ಲ್ಯಾಪ್‌ಟಾಪ್ ಹೆಂಗೈತಿ?"

"ಎಂಟು ದಿನ ಆತು, ಮುಚ್ಚಳ ಸರಿ ಕುಂಡ್ರವಲ್ದು. ಮ್ಯಾಲ ಲಗ್ನಪತ್ರಿಕಿ ಕಟ್ಟು ಹೇರೀನಿ."

ಪುಸ್ತಕಕ್ಕೆ ಅಂಟು ಹಚ್ಚಿ ಭಾರ ಹೇರುವುದು ಪ್ರೆಸ್ಸಿನವರ ರೂಢಿ.

"ಜಲ್ದಿ ವೈರ್ ಕಿತ್ತು ಹೊರಗ ಒಯ್ಯಿ!"

"ನಾ ಲಕ್ಷ್ಮೇಶ್ವರದಾಗ ಅದೀನಿ. ಅದನ್ನ ಚಾಲೂ ಬಿಟ್ಟು ಕೀಲಿ ಹಾಕಿ ಬಂದೀನಿ. ಯಾಕ?"

ಪ್ರೆಸ್ಸಿನ ತುಂಬ ಕಾಗದ. ಪಕ್ಕದ ಚಹಾದಂಗಡಿಯವನಿಗೆ ಹೇಳಿ ಮೊದಲು ಕರೆಂಟ್ ತೆಗೆಸಿದೆವು, ಆಮೇಲೆ ಕೀಲಿ ಒಡೆಸಿದೆವು. ಕಟ್ಟು ಎತ್ತಿದ್ದೇ ತಡ, ಯಾರೂ ಮುಟ್ಟದೆ ಮುಚ್ಚಳ ಮೆಲ್ಲಗೆ ಮೇಲೆದ್ದಿತಂತೆ.