ಆಪಾ ಬರೆದಿಟ್ಟ ಮೂರನೇ ದಿನ

ಕಳೆದ ತಿಂಗಳು ಯಾದಗಿರಿಯಲ್ಲಿ, ಕೋರ್ಟಿನ ಆದೇಶದಂತೆ, ಜಪ್ತಿ ಮಾಡಿದ ಸೇಂದಿಯ ಕ್ಯಾನುಗಳನ್ನು ಗುಂಡಿಗೆ ಸುರಿಸುತ್ತಿದ್ದೆ. ಮುಚ್ಚಳ ತೆಗೆದ ಕೂಡಲೇ ಹೆಂಡದ ಹುಳಿ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಕೊಳೆತ ಹಣ್ಣಿನಂಥದ್ದು, ಮೂಗಿನೊಳಗೆ ಚುಚ್ಚುವಂಥದ್ದು. ಮತ್ತೇರಲೆಂದು ಸೇಂದಿಗೆ ಬೆರೆಸುವ ಸಿ.ಎಚ್. ಪುಡಿಯ ವಾಸನೆ. ಕರವಸ್ತ್ರ ಮೂಗಿಗೆ ಹಿಡಿಯುವಷ್ಟರಲ್ಲೇ ಆಪಾ ನೆನಪಾಗಿಬಿಟ್ಟರು…

ಆಗ ನಾನು ಶಹಾಪುರ, ಸುರಪುರಗಳ ನಡುವಿನ ಒಂದು ಠಾಣೆಯಲ್ಲಿ ರೈಟರ್, ಅಲ್ಲಿದ್ದ ಒಬ್ಬಳೇ ಹೆಂಗಸು. ಡೈರಿ, ಎಫ್‌ಐಆರ್ ಬರೆಯುವುದು ನನ್ನ ಕೆಲಸ. ಆಪಾ ಅಲ್ಲಿನ ಸರ್ಕಾರಿ ಆಸ್ಪತ್ರೆಯ ನರ್ಸ್. ಮನೆಯಲ್ಲಿ ದಖ್ಖನಿ ಉರ್ದು ಆಡುತ್ತಿದ್ದರೂ ವಾರ್ಡಿನಲ್ಲಿ ರೋಗಿಗಳನ್ನು ನಮ್ಮದೇ ಕನ್ನಡದಲ್ಲಿ ಬೈಯುತ್ತಿದ್ದರು. ಕೋಟಿನ ಜೇಬಿನಲ್ಲಿ ಉದ್ದಕ್ಕೆ ಮಡಿಚಿದ ಒಂದು ನೋಟ್‌ಬುಕ್ ಸದಾ ಇರುತ್ತಿತ್ತು. ಊರಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ನನಗೂ ಅಷ್ಟೇ.

ಆ ಸಲ ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಪಿಎಸ್‌ಐ ಸಾಹೇಬರು ಒಂದು ಹಳ್ಳಿಯ ಸೇಂದಿ ಅಡ್ಡೆಯನ್ನು ಮುಚ್ಚಿಸಿದರು. ಪೇಪರಿನಲ್ಲಿ ಫೋಟೊ ಬಂತು. ಮೂರನೇ ದಿನ ಅದೇ ಹಳ್ಳಿಯ ಕೂಲಿ ಹೆಂಗಸೊಬ್ಬಳನ್ನು ಟಂಟಂ ಆಟೊದಲ್ಲಿ ಆಸ್ಪತ್ರೆಗೆ ತಂದರು. ಬೆನ್ನುನೋವು ಮರೆಯಲು ದಿನಾ ಸಂಜೆ ಕುಡಿಯುತ್ತಿದ್ದವಳು. ಮೈಯೆಲ್ಲ ನಡುಗುತ್ತಿತ್ತು. “ಗ್ವಾಡಿ ಮ್ಯಾಲ ಇರಿವಿ ಹರದಾಡಾಕತ್ತಾವ, ಒರಸ್ರೀ” ಎಂದು ಕೂಗುತ್ತಿದ್ದಳಂತೆ. ಫಿಟ್ಸ್ ಬಂದು, ಸಂಜೆಯೊಳಗೆ ತೀರಿಕೊಂಡಳು. ಅದಕ್ಕೂ ಮೊದಲು, ದೆವ್ವದ ಸೋಂಕು ಬಡಿದಿದೆ ಎಂದು ಮನೆಯವರು ಎರಡು ದಿನ ಮನೆಯಲ್ಲೇ ಕಟ್ಟಿಹಾಕಿದ್ದರು.

ಮರುದಿನ ಆಪಾ ಠಾಣೆಗೆ ಬಂದು ಸಾಹೇಬರ ಮೇಜಿನ ಮೇಲೆ ಆ ನೋಟ್‌ಬುಕ್ ಇಟ್ಟರು.

“ನೀವು ಅಡ್ಡಾ ಬಂದ್ ಮಾಡಿದ ಮೂರನೇ ದಿನಕ್ಕ ನನ್ನ ವಾರ್ಡ್ ತುಂಬತದ್ರಿ ಸಾಹೇಬ್ರ. ಪ್ರತಿ ಸಲ. ಬರದಿಟ್ಟೀನಿ.”

“ಅಂದ್ರ ಕುಡೀಲಿ ಅಂತ ಬಿಡ್ಬೇಕೇನ್ರಿ?”

“ಬಂದ್ ಮಾಡ್ರಿ. ಆದ್ರ ಮಾಡಿದ ದಿನಾನ ನಮಗ ಹೇಳ್ರಿ. ಆ ಪುಡಿ ಒಮ್ಮೆಲೇ ಬಿಟ್ರ ಜೀವ ಹೋಗ್ತದ. ಔಷಧ ಅದ, ಮುಂಚೆ ಕೊಡಬೇಕು.”

ದಾಳಿಯ ಸುದ್ದಿ ಆಸ್ಪತ್ರೆಗೆ ಹೇಳಿದರೆ ಊರಿಗೇ ಹೇಳಿದಂತೆ ಎಂದು ಸಾಹೇಬರು ನೋಟ್‌ಬುಕ್ಕನ್ನು ತೆರೆಯದೆ ಸರಿಸಿಬಿಟ್ಟರು.

ಹೊರಗೆ ಬಂದ ಆಪಾ ನನ್ನ ಮೇಜಿನ ಬಳಿ ನಿಂತರು. ಅವರ ಹತ್ತಿರ ರೋಗಿಗಳು ಬಂದ ದಿನಗಳಿದ್ದವು. ದಾಳಿ ಮಾಡಿದ ದಿನಗಳು ನನ್ನ ಡೈರಿಯಲ್ಲಿದ್ದವು. ಅನುಮತಿಯಿಲ್ಲದೆ ಡೈರಿಯ ಒಂದು ಸಾಲು ಹೊರಗೆ ಕೊಟ್ಟರೂ ನನ್ನ ನೌಕರಿಗೆ ಕುತ್ತು. ಬಾಗಿಲು ನೋಡುತ್ತ, ಅವರ ನೋಟ್‌ಬುಕ್ಕಿನಲ್ಲೇ ಒಂದೊಂದು ದಾಳಿಯ ತಾರೀಖನ್ನೂ ಬರೆದುಕೊಟ್ಟೆ. ಇಬ್ಬರೂ ಬಗ್ಗಿ, ಬೆರಳಿಟ್ಟು ಪಕ್ಕಪಕ್ಕ ನೋಡಿದೆವು. ಪ್ರತಿ ದಾಳಿಯ ಮುಂದೆ ಅದೇ ಹಳ್ಳಿಯ ರೋಗಿಗಳ ಹೆಸರುಗಳು, ಎರಡನೇ ದಿನ, ಮೂರನೇ ದಿನ…

ಆಪಾ ಅಲ್ಲಿಂದಲೇ ಮತ್ತೆ ಒಳಗೆ ಹೋದರು. ಈ ಸಲ ಸಾಹೇಬರು ಓದಿದರು. ಓದುತ್ತ ಓದುತ್ತ ತಲೆಯೆತ್ತಿ ಬಾಗಿಲಾಚೆ ಇದ್ದ ನನ್ನನ್ನು ನೋಡಿದರು. ನನ್ನ ಅಕ್ಷರ ಅವರಿಗೆ ಗೊತ್ತಿತ್ತು. ಪುಟ ತಿರುಗಿಸಿದರು.

ಮುಂದಿನ ದಾಳಿಗೆ ಒಂದು ಒಪ್ಪಂದವಾಯಿತು. ಜೀಪು ಠಾಣೆ ಬಿಟ್ಟ ಮೇಲೆ ನಾನು ಆಪಾಗೆ ಫೋನ್ ಮಾಡಬೇಕು, ಅದಕ್ಕೂ ಮೊದಲು ಯಾರಿಗೂ ಏನೂ ಹೇಳಬಾರದು. ಆ ಬೆಳಿಗ್ಗೆ ಜೀಪು ಹೊರಟ ಹೊತ್ತನ್ನು ಡೈರಿಯಲ್ಲಿ ಬರೆದೆ, ಫೋನ್ ಮಾಡಿದೆ, ಆ ಹೊತ್ತನ್ನೂ ಬರೆದೆ. ಆದರೆ ಜೀಪು ತಲುಪಿದಾಗ ಅಡ್ಡೆ ಖಾಲಿ. ಮಡಕೆಗಳನ್ನು ತೊಳೆದು ಬೋರಲು ಹಾಕಿದ್ದರು, ಅವು ಒಣಗಿಯೂ ಹೋಗಿದ್ದವು. ಸುದ್ದಿ ಹಿಂದಿನ ದಿನವೇ ಹೋಗಿತ್ತು, ಅದೂ ನಮ್ಮೊಳಗಿನಿಂದಲೇ.

ಅಡ್ಡೆಯವರು ಓಡಿಹೋಗಿದ್ದರಿಂದ ಆ ಹಳ್ಳಿಗೆ ಸೇಂದಿ ಹೇಗೂ ನಿಂತಿತು. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆಪಾ ಅವತ್ತೇ ಮನೆಮನೆ ತಿರುಗಿದರು. ಕೈ ನಡುಗುವವರನ್ನು ಬೈದು, ಬೇಡಿಕೊಂಡು ಆಸ್ಪತ್ರೆಗೆ ಕರೆತಂದರು. ಡಾಕ್ಟರು ಔಷಧ ಶುರು ಮಾಡಿದರು. ಮೂರನೇ ದಿನ ಸಾಹೇಬರು ನನ್ನೊಂದಿಗೆ ಬಂದು ವಾರ್ಡಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ಮಂಚಗಳೆಲ್ಲ ಭರ್ತಿ. ಒಬ್ಬ ಮುದುಕ ಎದ್ದೆದ್ದು ಕೂರುತ್ತಿದ್ದ, ಆಪಾ ಅವನ ಭುಜ ಅದುಮಿ ಮಲಗಿಸುತ್ತಿದ್ದರು. ನಾವು ಕಾದೆವು. ಆ ದಿನ ಕಳೆಯಿತು, ಅದರ ಮರುದಿನವೂ ಕಳೆಯಿತು. ಯಾರೂ ಸಾಯಲಿಲ್ಲ.

ಆದರೂ ದಾಳಿಯ ಸುದ್ದಿ ಹೊರಬಿದ್ದದ್ದಕ್ಕೆ ಮೇಲಿನವರಿಗೆ ಒಂದು ಹೆಸರು ಬೇಕಿತ್ತು. ನರ್ಸ್ ಬಾಯಿ ಬಿಟ್ಟಳು ಎಂದರು. ವಿಚಾರಣೆ ನಡೆದು, ಆಪಾಗೆ ದೂರದ ಹಳ್ಳಿಯ ಆಸ್ಪತ್ರೆಗೆ ವರ್ಗವಾಯಿತು. ಜೀಪು ಹೊರಟ ಮೇಲಷ್ಟೇ ಅವರಿಗೆ ಫೋನ್ ಹೋಗಿತ್ತೆಂಬುದು ನನ್ನ ಡೈರಿಯಲ್ಲೇ ಇತ್ತು. ಅದನ್ನು ತೋರಿಸಿದರೆ ತಪ್ಪು ಠಾಣೆಯೊಳಗಿನವರ ಮೇಲೆ ಬರುತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ… ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆಪಾ, “ಅಡ್ಡಾ ಬಂದ್ ಮಾಡಿದ್ರ ಫೋನ್ ಮಾಡೂದು ಬಿಡಬ್ಯಾಡ್ರಿ” ಎಂದಷ್ಟೇ ಹೇಳಿ ಬಸ್ ಹತ್ತಿದರು.

ಸಾಹೇಬರು ಅಂದು ಓದಿದ್ದನ್ನೂ ವಾರ್ಡಿನಲ್ಲಿ ಕಂಡದ್ದನ್ನೂ ತಾವೇ ಬರೆದು ಮೇಲಕ್ಕೆ ಕಳಿಸಿದರು. ಬಹಳ ದಿನಗಳ ಮೇಲೆ ಸುತ್ತಲಿನ ಠಾಣೆಗಳಿಗೆ ಒಂದು ಸುತ್ತೋಲೆ ಬಂತು. ಸೇಂದಿ ಅಡ್ಡೆ ಮುಚ್ಚಿಸಿದ ದಿನವೇ ಆಸ್ಪತ್ರೆಗೆ ತಿಳಿಸತಕ್ಕದ್ದು. ಅದರಲ್ಲಿ ಆಪಾ ಹೆಸರಿರಲಿಲ್ಲ.

ಕಳೆದ ತಿಂಗಳು ಯಾದಗಿರಿಯಲ್ಲಿ ಸೇಂದಿ ಸುರಿಸಿದ ಮರುದಿನ ರಜೆ ಹಾಕಿ ಶಹಾಪುರದಲ್ಲಿದ್ದ ಆಪಾ ಮನೆಗೆ ಹೋದೆ. ಎಂದೋ ಹೇಳಬೇಕಾಗಿದ್ದನ್ನು ಈಗಲಾದರೂ ಹೇಳಿಬಿಡೋಣ ಅನ್ನಿಸಿತ್ತು. ಬಾಗಿಲು ತೆರೆದವರು ಅವರ ಅಕ್ಕ. ಆಪಾ ಹೋಗಿ ಎರಡು ವರ್ಷವಾಯಿತಂತೆ. ಸಕ್ಕರೆ ಕಾಯಿಲೆ, ಆಮೇಲೆ ಕಿಡ್ನಿ… ಕೂತಲ್ಲೇ, ತಡವರಿಸುತ್ತ, ಫೋನಿನ ಹೊತ್ತಿನ ವಿಷಯ ಅವರಿಗೇ ಹೇಳಿದೆ.

“ಗೊತ್ತದವಾ,” ಎಂದರು. “ಅಕಿನೂ ನೋಟ್‌ಬುಕ್ಕಿನ್ಯಾಗ ಟೈಮ್ ಬರಕೊಂಡಿದ್ಲು. ವಿಚಾರಣಿಗೆ ಅದನ್ನ ಕೊಡು ಅಂತ ಬಡಕೊಂಡೆ.”

“ಯಾಕ ಕೊಡ್ಲಿಲ್ರಿ?”

“ಅದರಾಗ ನಿನ್ನ ಅಕ್ಷರ ಇತ್ತಲ್ಲ. ಆ ಹುಡುಗಿ ನೌಕರಿ ಹೋಗ್ತದ ಅಂದ್ಲು.”

ಚಹಾ ಮಾಡುತ್ತೇನೆಂದು ಅವರು ಒಳಗೆ ಹೋದರು. ನಾನು ಆಪಾ ಇಲ್ಲದ ಆ ಮನೆಯಲ್ಲಿ ಕೂತೇ ಇದ್ದೆ.